ಕೆರೆತಾರೊಗೆ ಕಾರ್ಖಾನೆ ಕರೆತಂದ ಬಗೆ: ನನ್ನ ಅನುಭವ

ಕೆರೆತಾರೊ ಎಲ್ಲಿದೆ ಎಂದು ನಮ್ಮೂರಿನವರು ಕೇಳಿದಾಗ ನಾನು ಹೀಗೆ ಹೇಳುತ್ತೇನೆ: ನಮ್ಮ ತುಮಕೂರು ಜಿಲ್ಲೆಗಿಂತ ಒಂಚೂರು ದೊಡ್ಡದಾದ, ಮೆಕ್ಸಿಕೋದ ಒಂದು ರಾಜ್ಯ. ಮೆಕ್ಸಿಕೋ ಸಿಟಿಯಿಂದ ವಾಯವ್ಯಕ್ಕೆ, ಹೆದ್ದಾರಿ 57ರಲ್ಲಿ ಇನ್ನೂರು ಚಿಲ್ಲರೆ ಕಿಲೋಮೀಟರು. ಅದೇ ಹೆಸರಿನ ರಾಜಧಾನಿ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಮಳೆ ಮಾತ್ರ ಹೆಚ್ಚುಕಮ್ಮಿ ಪಾವಗಡದ ಕಡೆಯಷ್ಟೇ. 2020ರ ಜನಗಣತಿಯಲ್ಲಿ ಇಡೀ ರಾಜ್ಯದ ಜನಸಂಖ್ಯೆ 23.68 ಲಕ್ಷ. ಪೀಣ್ಯದ ಒಂದು ಮಷೀನಿಂಗ್ ಕಂಪನಿಯಲ್ಲಿ ಆರು ವರ್ಷ ಪ್ರೊಡಕ್ಷನ್ ಪ್ಲಾನಿಂಗ್ ಮಾಡಿ, ಗಂಡನ ವರ್ಗಾವಣೆಯಿಂದಾಗಿ 2014ರಲ್ಲಿ ಇಲ್ಲಿಗೆ ಬಂದೆ. ಎರಡು ವರ್ಷ ಸ್ಪ್ಯಾನಿಷ್ ಕಲಿತು, ಮೊದಲು ಸಭೆಗಳಲ್ಲಿ ಅನುವಾದಕಿಯಾಗಿ ಕೂತೆ. ಆಮೇಲೆ, ಭಾರತದ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳನ್ನು ಈ ಪ್ರದೇಶಕ್ಕೆ ಕರೆತರುವ ಸಲಹೆಗಾರ್ತಿಯ ಕೆಲಸಕ್ಕೆ ಸೇರಿದೆ.

ಕೆಲಸ ಶುರುವಾದ ಕಾಲವೂ ಕಷ್ಟದ್ದೇ. ಹೊರದೇಶಗಳಲ್ಲಿ ಕಚೇರಿ ಇಟ್ಟುಕೊಂಡು ಮೆಕ್ಸಿಕೋಗೆ ಬಂಡವಾಳ ತರುತ್ತಿದ್ದ ಪ್ರೊಮೆಕ್ಸಿಕೊ ಎಂಬ ಕೇಂದ್ರ ಸರ್ಕಾರಿ ಸಂಸ್ಥೆ 2019ರಲ್ಲಿ ಮುಚ್ಚಿತು. ಅಲ್ಲಿಂದ ಮುಂದೆ ಒಂದೊಂದು ರಾಜ್ಯವೂ ತನ್ನ ಪಾಡಿಗೆ ತಾನೇ ಊರೂರು ತಿರುಗಬೇಕಾಯಿತು. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಇಮ್ಟೆಕ್ಸ್ ಯಂತ್ರ ಮೇಳ ನಡೆದಾಗ ನಾನು ಚೀಲದ ತುಂಬ ಬ್ರೋಷರ್ ಹೊತ್ತು ಸ್ಟಾಲಿಂದ ಸ್ಟಾಲಿಗೆ ಅಲೆದೆ. ಹೊಳಪು ಕಾಗದದ ಬ್ರೋಷರ್. ಮುಖಪುಟದಲ್ಲಿ ಊರಿನ ಹೆಮ್ಮೆಯಾದ 74 ಕಮಾನುಗಳ ಕಲ್ಲಿನ ಮೇಲ್ಗಾಲುವೆ. ಒಳಗೆ ವ್ಯಾಪಾರ ಒಪ್ಪಂದಗಳ ಪಟ್ಟಿ, ಅಮೆರಿಕದ ಗಡಿಗೆ ಬಾಣದ ಗುರುತು ಹಾಕಿದ ನಕ್ಷೆ, ಕೂಲಿ ಎಷ್ಟು ಅಗ್ಗ ಎಂದು ತೋರಿಸುವ ಕಂಬಗಳ ಚಿತ್ರ. ಮುನ್ನೂರು ಹಂಚಿದೆ. ಒಂದು ಫೋನೂ ಬರಲಿಲ್ಲ.

ಏಕೆ ಬರಲಿಲ್ಲ ಎಂದು ನನಗೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ಪೀಣ್ಯದ ಯಜಮಾನರೊಬ್ಬರು ಮೂವತ್ತು ವರ್ಷ ದುಡಿದು ಕೂಡಿಸಿದ ದುಡ್ಡನ್ನು ಭಾಷೆ ಬಾರದ ದೇಶದಲ್ಲಿ ಹಾಕಬೇಕು. ಅವರಿಗೆ ಬೇಕಾದದ್ದು ಮೆಕ್ಸಿಕೋದ ಹೊಗಳಿಕೆಯಲ್ಲ. ಮೊದಲ ಹದಿನೆಂಟು ತಿಂಗಳು ತಾವು ಹೇಗೆ ದಾಟುತ್ತೇವೆ ಅನ್ನುವುದು ಗೊತ್ತಾಗಬೇಕು. ಕರೆಂಟ್ ಯಾವಾಗ ಬರುತ್ತದೆ, ಫಿಟ್ಟರ್ ಸಿಗುತ್ತಾನಾ, ಬ್ಯಾಂಕ್ ಖಾತೆ ತೆರೆಯಲು ಎಷ್ಟು ವಾರ, ನೀರು ಎಲ್ಲಿಂದ. ನಮ್ಮ ಬ್ರೋಷರಿನಲ್ಲಿ ಇವು ಒಂದೂ ಇರಲಿಲ್ಲ.

ಹಾಗಾಗಿ ನಾನು ಹೊಗಳಿಕೆ ಬಿಟ್ಟು ಇಲ್ಲಿ ನಿಜಕ್ಕೂ ನಡೆದದ್ದನ್ನು ಹೇಳತೊಡಗಿದೆ. ವಿಮಾನ ತಯಾರಿಕೆಯ ಹಿನ್ನೆಲೆಯೇ ಇಲ್ಲದ ಈ ಊರಿಗೆ ಬರುವುದಾಗಿ ಕೆನಡಾದ ವಿಮಾನ ಕಂಪನಿ ಬೊಂಬಾರ್ಡಿಯರ್ 2005ರಲ್ಲಿ ಹೇಳಿತು. 2006ರಲ್ಲಿ ಕೆಲಸ ಶುರು ಮಾಡಿತು. ಮೊದಲ ದಿನವೇ ವಿಮಾನದ ಮೈ ಕಟ್ಟಲಿಲ್ಲ, ವೈರ್ ಹಾರ್ನೆಸ್, ಅಂದರೆ ತಂತಿಗಳ ಕಂತೆ, ಹೆಣೆಯುವುದರಿಂದ ಆರಂಭ. ಆ ಹೊತ್ತಿಗೆ ಸರ್ಕಾರ ಒಂದು ಮಾತು ಕೊಟ್ಟಿತ್ತು: ಜನರನ್ನು ನಾವು ತಯಾರು ಮಾಡಿಕೊಡುತ್ತೇವೆ ಎಂದು. ಕೊಟ್ಟ ಮಾತಿನಂತೆ 2007ರಲ್ಲಿ, 2004ರಲ್ಲಷ್ಟೇ ತೆರೆದಿದ್ದ ವಿಮಾನ ನಿಲ್ದಾಣದ ಪಕ್ಕದಲ್ಲೇ, ವಿಮಾನಯಾನಕ್ಕೆಂದೇ ಒಂದು ಸರ್ಕಾರಿ ವಿಶ್ವವಿದ್ಯಾಲಯ ಹುಟ್ಟಿತು. ಉನಾಕ್ ಎನ್ನುತ್ತಾರೆ. ಇಂದು ಗ್ಲೋಬಲ್ 7500 ಎಂಬ ದೊಡ್ಡ ಬಿಸಿನೆಸ್ ಜೆಟ್ಟಿನ ಹಿಂಭಾಗದ ಒಡಲು ಈ ಊರಿನಲ್ಲೇ ತಯಾರಾಗುತ್ತದೆ. ಫ್ರಾನ್ಸಿನ ವಿಮಾನ ಎಂಜಿನ್ ಕಂಪನಿ ಸಫ್ರಾನ್ ಬಂತು, 2013ರಲ್ಲಿ ಏರ್‌ಬಸ್ ಹೆಲಿಕಾಪ್ಟರ್ಸ್ ಬಂತು. ಎಚ್‌ಎಎಲ್ ನೆರಳಿನಲ್ಲಿ ಬೆಳೆದ ಬೆಂಗಳೂರಿನ ಸಣ್ಣ ಕಾರ್ಖಾನೆಯವರಿಗೆ ಈ ಕಥೆ ತಕ್ಷಣ ಹತ್ತಿರವಾಗುತ್ತದೆ. ದೊಡ್ಡದೊಂದು ಬಂದು ಕೂತರೆ ಸುತ್ತ ನೂರು ಲೇತ್ ತಿರುಗುತ್ತವೆ ಅನ್ನುವುದನ್ನು ಅವರಿಗೆ ಯಾರೂ ವಿವರಿಸಬೇಕಿಲ್ಲ.

ಈ ಕಥೆ ಕೇಳಿಯೇ 2024ರ ಮೇ ತಿಂಗಳಲ್ಲಿ ಪೀಣ್ಯದ ಒಬ್ಬ ಯಜಮಾನರು ಮಗಳ ಜೊತೆ ಬಂದರು. ವಿಮಾನದ ಅಲ್ಯೂಮಿನಿಯಂ ಬಿಡಿಭಾಗಗಳನ್ನು ಕೊರೆದು, ಆನೊಡೈಸಿಂಗ್ ಮಾಡಿ (ಆಸಿಡ್ ತೊಟ್ಟಿಯಲ್ಲಿ ಕರೆಂಟ್ ಹರಿಸಿ ಮೇಲ್ಮೈಗೆ ರಕ್ಷಣೆಯ ಪದರ ಬರಿಸಿ) ಕಳಿಸುವ ಕಾರ್ಖಾನೆ ಅವರದು. ಇಬ್ಬರಿಗೂ ಅಮೆರಿಕದ ವೀಸಾ ಇತ್ತು. ಅದು ಚಾಲ್ತಿಯಲ್ಲಿದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ, ಆದ್ದರಿಂದ ತಡವಾಗಲಿಲ್ಲ. ಮೊದಲ ದಿನ ಸಂಜೆ, ಊರು ತೋರಿಸೋಣವೆಂದು ಮೇಲ್ಗಾಲುವೆ ಕಾಣುವ ದಿಬ್ಬಕ್ಕೆ ಕರೆದುಕೊಂಡು ಹೋದೆ. ಹದಿನೆಂಟನೇ ಶತಮಾನದ ಗುಲಾಬಿ ಬಣ್ಣದ ಕಲ್ಲು, ಸಂಜೆಯ ಬಿಸಿಲು ಕಮಾನುಗಳ ಒಳಗಿಂದ ತೂರಿಬರುತ್ತಿತ್ತು. ಎಲ್ಲರೂ ಇಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಯಜಮಾನರು ಕೈ ಹಿಂದೆ ಕಟ್ಟಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಣ್ಣಾಡಿಸಿ, ನನ್ನ ಕಡೆ ತಿರುಗಿದರು.

“ಇಷ್ಟು ದೊಡ್ಡ ಕಾಲುವೆ ಕಟ್ಟಬೇಕಾಯ್ತು ಅಂದ್ರೆ, ಊರಲ್ಲಿ ನೀರಿರಲಿಲ್ಲ ಅಂತ ತಾನೇ ಅಮ್ಮಾ?”

ನನಗೆ ಮಾತೇ ಹೊರಡಲಿಲ್ಲ. ಐದು ವರ್ಷ ಇದೇ ಚಿತ್ರವನ್ನು ಮುಖಪುಟದಲ್ಲಿ ಹಂಚಿದ್ದೆ. ಅದು ಏನು ಹೇಳುತ್ತಿದೆ ಎಂದು ನಾನೇ ಓದಿರಲಿಲ್ಲ.

“ಈಗ ನೀರು ಎಲ್ಲಿಂದ ಬರುತ್ತೆ?”

“ಸ್ವಲ್ಪ ಕೊಳವೆಬಾವಿ ಸಾರ್. ಉಳಿದಿದ್ದು ರಾಜ್ಯದ ಅಂಚಿನ ಮೊಕ್ತೆಸುಮಾ ನದಿ ಕಣಿವೆಯಿಂದ, ಬೆಟ್ಟ ಹತ್ತಿಸಿ ಪಂಪ್ ಮಾಡ್ತಾರೆ. 2011ರಿಂದ.”

“ನಮ್ಮ ಕಾವೇರಿ ನೀರಿನ ಥರಾನೇ ಅನ್ನಿ.”

ಆಗಷ್ಟೇ ಎರಡು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಸಾಲು ನಿಂತು ಬಂದವರು ಅವರು. ಕೆರೆತಾರೊದಲ್ಲೂ ಅದು ಬರಗಾಲದ ವರ್ಷವೇ. ಮಗಳು ನಡುವೆ ಬಾಯಿ ಹಾಕಿ, “ಜಾಗ ತಗೊಂಡ ಮೇಲೆ ಒಂದು ಬೋರ್ ಕೊರೆಸ್ಕೊಂಡ್ರೆ ಆಯ್ತಲ್ಲ ಅಪ್ಪಾ” ಅಂದಳು. ಆ ರಾತ್ರಿ ನಾನು ಮಲಗಲಿಲ್ಲ. ಅವರಿಗೆ ಬೆಳಗ್ಗೆ ತೋರಿಸಬೇಕಿದ್ದ ಸ್ಲೈಡುಗಳನ್ನು ಬದಿಗಿಟ್ಟು ನೀರಿನ ಬಗ್ಗೆ ಒಂದೇ ಒಂದು ಹಾಳೆ ಬರೆದೆ.

ಅದರಲ್ಲಿ ಮೊದಲ ಸಾಲು ಬೋರ್ ಕೊರೆಸುವ ಬಗ್ಗೆ. ಇಲ್ಲಿ ಅದು ನಮ್ಮಿಷ್ಟದಂತೆ ಆಗದು. 1917ರ ಸಂವಿಧಾನದ 27ನೇ ವಿಧಿಯ ಪ್ರಕಾರ ದೇಶದ ನೆಲವೂ ನೀರೂ ಮೂಲತಃ ರಾಷ್ಟ್ರದ ಸ್ವತ್ತು, ನೆಲದಡಿಯ ನೀರೆತ್ತುವುದನ್ನು ಸರ್ಕಾರ ನಿರ್ಬಂಧಿಸಬಹುದು. ಆ ಸಂವಿಧಾನಕ್ಕೆ ಅಂಕಿತ ಬಿದ್ದದ್ದೂ ಇದೇ ಊರಿನಲ್ಲಿ. ನೀರೆತ್ತಲು ಕೇಂದ್ರದ ಜಲ ಆಯೋಗವಾದ ಕೊನಾಗ್ವಾದಿಂದ ಹಕ್ಕುಪತ್ರ ಬೇಕು. ಕೆರೆತಾರೊ ಕಣಿವೆಯ ಅಂತರ್ಜಲ ತುಂಬುವುದಕ್ಕಿಂತ ಹೆಚ್ಚು ಖಾಲಿಯಾಗುತ್ತಿರುವುದರಿಂದ ಹೊಸ ಹಕ್ಕು ಸಿಗುವ ಆಸೆಯನ್ನೇ ಇಟ್ಟುಕೊಳ್ಳಬಾರದು. ಹಾಗಾದರೆ ಕೈಗಾರಿಕಾ ಪಾರ್ಕಿನವರು ಕೊಡುವ ನೀರೇ ಗತಿ. ಅವರು “ನೀರಿಗೆ ತೊಂದರೆಯಿಲ್ಲ” ಅಂದರೆ ಸಾಲದು. ಅವರ ಹಕ್ಕುಪತ್ರದಲ್ಲಿ ವರ್ಷಕ್ಕೆ ಎಷ್ಟು ಘನ ಮೀಟರ್ ಎಂದು ಬರೆದಿದೆ, ಈಗಾಗಲೇ ಎಷ್ಟು ಜನಕ್ಕೆ ಹಂಚಿದ್ದಾರೆ, ಎರಡನ್ನೂ ಕೇಳಬೇಕು. ಹಕ್ಕುಪತ್ರಗಳ ಸಾರ್ವಜನಿಕ ದಾಖಲೆ ಇದೆ, ಪಾರ್ಕಿನವರ ಮಾತನ್ನು ಅದರೊಂದಿಗೆ ಕೂಡಿಸಿ ನೋಡಬಹುದು.

ಬೆಳಗ್ಗೆ ಹಾಳೆಯನ್ನು ಅವರ ಮುಂದಿಟ್ಟೆ. ಯಜಮಾನರು ಜೇಬಿನಿಂದ ಪೆನ್ನು ತೆಗೆದು ಅದರ ಬೆನ್ನಿಗೇ ಲೆಕ್ಕ ಹಾಕಿದರು. ಆನೊಡೈಸಿಂಗ್ ಆದ ಪೀಸನ್ನು ಒಂದೊಂದು ತೊಟ್ಟಿಯಾದ ಮೇಲೂ ತೊಳೆಯಬೇಕು. ನೀರು ತಿನ್ನುವುದು ಆಸಿಡ್ ತೊಟ್ಟಿಯಲ್ಲ, ಈ ತೊಳೆಯುವ ತೊಟ್ಟಿಗಳು. ತಮ್ಮ ಲೈನಿಗೆ ದಿನಕ್ಕೆ 12 ಸಾವಿರ ಲೀಟರ್, 300 ದಿನಕ್ಕೆ 3,600 ಘನ ಮೀಟರ್. ನಾವು ನೋಡಬೇಕೆಂದಿದ್ದ ಮೂರು ಪಾರ್ಕುಗಳಲ್ಲಿ ಅಷ್ಟನ್ನು ಕಾಗದದ ಮೇಲೆ ಬರೆದುಕೊಡಲು ಒಪ್ಪಿದ್ದು ಒಂದೂ ಇಲ್ಲ. ಆದರೂ ಅವರು ಮುಖ ತಿರುಗಿಸಲಿಲ್ಲ. ಹಾಗಾದರೆ ಮಷೀನಿಂಗ್ ಮಾತ್ರ ಇಲ್ಲಿ ಹಾಕೋಣ, ಆನೊಡೈಸಿಂಗನ್ನು ಇಲ್ಲಿಯೇ ನ್ಯಾಡ್‌ಕ್ಯಾಪ್ ಎಂಬ ವಿಮಾನ ಉದ್ಯಮದ ಗುಣಮಟ್ಟದ ಮನ್ನಣೆ ಪಡೆದಿರುವವರ ಹತ್ತಿರ ಕೂಲಿಗೆ ಮಾಡಿಸೋಣ ಎಂದರು. ವಿಮಾನದ ಕೆಲಸದಲ್ಲಿ ಆ ಮನ್ನಣೆಯಿಲ್ಲದೆ ಮೇಲ್ಮೈ ಸಂಸ್ಕರಣೆಯನ್ನು ಯಾರೂ ಒಪ್ಪುವುದಿಲ್ಲ, ಹೊಸದಾಗಿ ಪಡೆಯಲು ತಿಂಗಳುಗಟ್ಟಲೆ ಬೇಕು. ನೀರಿನ ಕೊರತೆಯೇ ಅವರ ಯೋಜನೆಯನ್ನು ಚಿಕ್ಕದಾಗಿಸಿ ಗಟ್ಟಿ ಮಾಡಿತು. ನಾನು ಮುಚ್ಚಿಟ್ಟು ಆರು ತಿಂಗಳ ಮೇಲೆ ಅವರಿಗೆ ಗೊತ್ತಾಗಿದ್ದರೆ? ಆ ಯೋಚನೆ ಈಗಲೂ ನನ್ನನ್ನು ಬೆಚ್ಚಿಸುತ್ತದೆ.

ಬೆಚ್ಚಿಸಲು ಕಾರಣವಿದೆ. ಅದಕ್ಕೆ ಎರಡು ವರ್ಷ ಮೊದಲು ಪುಣೆಯ ಕಡೆಯ ಒಂದು ಕಂಪನಿಗೆ ನಾನೇ ಒಂದು ಶೆಡ್ ಕೊಡಿಸಿದ್ದೆ. ಪಾರ್ಕಿನ ಮಾರಾಟದವರು ಬೇಕಾದಷ್ಟು ಕರೆಂಟ್ ಇದೆ ಎಂದು ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿದ್ದೆ. ಯಂತ್ರಗಳು ಬಂದು ಇಳಿದವು. ಆದರೆ ಶೆಡ್ಡಿಗೆ ಬಂದದ್ದು ಕೇಳಿದ್ದರಲ್ಲಿ ಮೂರನೇ ಒಂದು ಪಾಲು. ಏಳು ತಿಂಗಳು ಆ ಯಂತ್ರಗಳು ಪ್ಲಾಸ್ಟಿಕ್ ಹೊದಿಕೆಯೊಳಗೇ ಕೂತಿದ್ದವು. ಆ ಮಾಲೀಕರು ನನ್ನ ಮೇಲೆ ಒಂದು ದಿನವೂ ಕೂಗಾಡಲಿಲ್ಲ, ಫೋನ್ ಮಾಡುವುದನ್ನೇ ನಿಲ್ಲಿಸಿದರು. ಅಂದಿನಿಂದ, ವಿದ್ಯುತ್ ಸಂಸ್ಥೆಯ ಲಿಖಿತ ಕಾರ್ಯಸಾಧ್ಯತಾ ಪತ್ರ ಕೈಗೆ ಬಾರದೆ ಯಾರಿಂದಲೂ ಬಾಡಿಗೆ ಕರಾರಿಗೆ ಸಹಿ ಹಾಕಿಸುವುದಿಲ್ಲ.

ಕಾಗದಪತ್ರದ ಕೆಲಸದಲ್ಲಿ ನಮ್ಮವರು ಎಡವುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ: ನೋಟರಿ. ನಮ್ಮಲ್ಲಿ ನೋಟರಿ ಎಂದರೆ ಕೋರ್ಟಿನ ಮುಂದೆ ಮರದಡಿ ಕೂತು ಸೀಲ್ ಒತ್ತುವವರು. ಇಲ್ಲಿ ನೋಟರಿ ರಾಜ್ಯವೇ ನೇಮಿಸಿದ ಹಿರಿಯ ವಕೀಲ. ಕಂಪನಿ ಹುಟ್ಟುವುದೇ ಅವರ ಪುಸ್ತಕದಲ್ಲಿ. ಅವರೊಂದಿಗೆ ಅವಸರ ನಡೆಯದು. ಸಾಮಾನ್ಯವಾಗಿ ಕಂಪನಿಗೆ ಕನಿಷ್ಠ ಇಬ್ಬರು ಪಾಲುದಾರರು ಬೇಕು, ಒಬ್ಬರೇ ಮಾಲೀಕರಾಗಿರುವವರು ಹೆಂಡತಿಯನ್ನೋ ಮಗಳನ್ನೋ ಸೇರಿಸಿಕೊಳ್ಳುತ್ತಾರೆ. ಅಧಿಕಾರ ಪತ್ರವನ್ನು ಭಾರತದಲ್ಲೇ ಅಪೊಸ್ಟಿಲ್ (ಹೊರದೇಶದಲ್ಲಿ ಒಪ್ಪುವ ಸರ್ಕಾರಿ ದೃಢೀಕರಣ) ಮಾಡಿಸಿ, ಇಲ್ಲಿ ಮಾನ್ಯತೆ ಪಡೆದ ಅನುವಾದಕರಿಂದ ಸ್ಪ್ಯಾನಿಷ್‌ಗೆ ತರಿಸಬೇಕು. ಕಚ್ಚಾಮಾಲನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ತಂದು, ಮಾಲು ಮಾಡಿ ರಫ್ತು ಮಾಡುವ ಇಮ್ಮೆಕ್ಸ್ ಪರವಾನಗಿ ಎಲ್ಲರ ಬಾಯಲ್ಲೂ ಇದೆ. ಆದರೆ ಅದರ ಜೊತೆಗಿನ ಬೇರೆ ಪ್ರಮಾಣಪತ್ರವಿಲ್ಲದಿದ್ದರೆ 16 ಪ್ರತಿಶತ ವ್ಯಾಟ್ ಮೊದಲು ಕಟ್ಟಿ ಆಮೇಲೆ ವಾಪಸಿಗೆ ಕಾಯಬೇಕು. ಸಣ್ಣ ಕಂಪನಿಯ ಕೈಯಲ್ಲಿರುವ ದುಡ್ಡು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಇದನ್ನು ನಾನು ಮೊದಲ ಸಭೆಯಲ್ಲೇ ಹೇಳುತ್ತೇನೆ.

ಊಟದ ಮಾತೂ ಕೆಲಸದ ಮಾತೇ. ಸಸ್ಯಾಹಾರಿಗಳು ಬಂದಾಗ ಹುರಿದ ಬೀನ್ಸ್ ಕಾಳಿನ ಪಲ್ಯವನ್ನು ನಿಶ್ಚಿಂತೆಯಿಂದ ಬಡಿಸಿಬಿಡುತ್ತಾರೆ, ಅದನ್ನು ಹಂದಿ ಕೊಬ್ಬಿನಲ್ಲಿ ಮಾಡಿರುವುದು ಉಂಟು. ಹಿಂದಿನ ದಿನವೇ ಅಡುಗೆಮನೆಗೆ ಹೋಗಿ ಎಣ್ಣೆ ಯಾವುದೆಂದು ಕೇಳಿ ಬರುತ್ತೇನೆ. ಕಾವಲಿಯಿಂದ ಇಳಿದ ಬಿಸಿ ಮೆಕ್ಕೆಜೋಳದ ತೋರ್ತಿಯಾ ರೊಟ್ಟಿ, ಪಾಪಾಸುಕಳ್ಳಿಯ ಪಲ್ಯ, ಹಸಿಮೆಣಸಿನ ಚಟ್ನಿ ಇದ್ದರೆ ಉತ್ತರ ಕರ್ನಾಟಕದವರಂತೂ ತೃಪ್ತಿಯಿಂದ ಉಣ್ಣುತ್ತಾರೆ.

ಕೂಲಿಯ ಕಂಬಗಳ ಚಿತ್ರವನ್ನು ನಾನು ಪೂರ್ತಿ ತೆಗೆದುಹಾಕಿದ್ದೇನೆ. 2018ರಲ್ಲಿ ದಿನಕ್ಕೆ 88.36 ಪೆಸೊ ಇದ್ದ ಕನಿಷ್ಠ ಕೂಲಿ 2024ಕ್ಕೆ 248.93 ಆಯಿತು. 2023ರಿಂದ ಮೊದಲ ವರ್ಷದ ಸಂಬಳದ ರಜೆ 6 ದಿನದಿಂದ 12ಕ್ಕೆ ಏರಿತು. ಇದನ್ನು ಕೆಟ್ಟ ಸುದ್ದಿ ಎಂದು ಮುಖ ಸಿಂಡರಿಸುವ ಹೂಡಿಕೆದಾರರು ನನಗೆ ಬೇಡ. ಈ ಊರಿನ ಹುಡುಗ ಹುಡುಗಿಯರು ಬೆಳಗಿನ ಜಾವ ಐದಕ್ಕೆ ಕಂಪನಿ ಬಸ್ ಹಿಡಿಯುವುದನ್ನು ದಿನಾ ನೋಡುತ್ತೇನೆ. ಪಕ್ಕದ ಕಾರ್ಖಾನೆ ಸ್ವಲ್ಪ ಹೆಚ್ಚು ಕೊಟ್ಟರೆ ಅವರು ಅಲ್ಲಿಗೆ ಹೋಗುತ್ತಾರೆ, ಹೋಗಲಿ. ಉನಾಕ್‌ನಲ್ಲಿ ಕಲಿತವರನ್ನು ಅಗ್ಗ ಎಂದು ಮಾರುವುದು ಆ ಮಕ್ಕಳಿಗೂ ಅವರ ಊರಿಗೂ ಮಾಡುವ ಅವಮಾನ.

2025ರ ಮಾರ್ಚಿನಲ್ಲಿ ಅಮೆರಿಕ ಮೆಕ್ಸಿಕೋದ ಸರಕಿನ ಮೇಲೆ 25 ಪ್ರತಿಶತ ಸುಂಕ ಹಾಕಿದಾಗ ಮೂರು ದಿನ ನನ್ನ ಫೋನ್ ಬಿಡುವಿಲ್ಲದೆ ಹೊಡೆದುಕೊಂಡಿತು. ಇಲ್ಲಿ ಬೆಳಗ್ಗೆ ಒಂಬತ್ತಾದರೆ ಬೆಂಗಳೂರಿನಲ್ಲಿ ರಾತ್ರಿ ಎಂಟೂವರೆ, ಅಲ್ಲಿಯವರು ಊಟ ಬಿಟ್ಟು ಕೂತಿದ್ದರು. ಅಮೆರಿಕ, ಮೆಕ್ಸಿಕೋ, ಕೆನಡಾ ಮೂರು ದೇಶಗಳ ವ್ಯಾಪಾರ ಒಪ್ಪಂದದಲ್ಲಿ, ಸರಕು ಎಲ್ಲಿ ತಯಾರಾಗಿರಬೇಕು ಎನ್ನುವ ನಿಯಮಗಳಿಗೆ ಹೊಂದುವ ಸರಕಿಗೆ ವಿನಾಯಿತಿ ಸಿಕ್ಕಿತು, ಆದರೆ ಉಕ್ಕು ಮತ್ತು ಅಲ್ಯೂಮಿನಿಯಂಗೆ ಬೇರೆ ಲೆಕ್ಕ. ಅದೇ ಒಪ್ಪಂದದಲ್ಲಿ 2026ರ ಜುಲೈಗೆ ಮರುಪರಿಶೀಲನೆ ಎಂದೂ ಬರೆದಿದೆ. ಭಾರತಕ್ಕೂ ಮೆಕ್ಸಿಕೋಗೂ ಮುಕ್ತ ವ್ಯಾಪಾರ ಒಪ್ಪಂದವೇ ಇಲ್ಲ. ಇವೆಲ್ಲವನ್ನೂ ನೀರಿನ ಹಾಳೆಯ ಪಕ್ಕದಲ್ಲಿ ಇನ್ನೊಂದು ಹಾಳೆ ಮಾಡಿ ಕಳಿಸಿದೆ. ಇಬ್ಬರು ಹಿಂದೆ ಸರಿದರು. ಪೀಣ್ಯದ ಯಜಮಾನರು ಸರಿಯಲಿಲ್ಲ.

ಅಷ್ಟರಲ್ಲಿ ಅವರು ಶೆಡ್ ಹಿಡಿದು ನಾಲ್ಕು ತಿಂಗಳಾಗಿತ್ತು. ಒಂದು ರಾತ್ರಿ ಫೋನ್ ಮಾಡಿ, “ಅಮ್ಮಾ, ಆ ಶೆಡ್ಡಿನ ಚಾವಣಿ ಎಷ್ಟು ಚದರ ಮೀಟರ್?” ಎಂದು ಕೇಳಿದರು. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾದಾಗ ಪೀಣ್ಯದ ಕಾರ್ಖಾನೆಗೆ ತಾವೇ ನಿಂತು ಮಾಡಿಸಿದ್ದರಂತೆ, ಇಲ್ಲೂ ಅದೇ ಬೇಕು. ಕಟ್ಟಡ ನಮ್ಮದಲ್ಲ, ಬಾಡಿಗೆಯದು ಎಂದೆ. “ಹಾಗಾದ್ರೆ ಒಡೆಯರನ್ನು ಕೇಳಿ” ಎಂದರು. ಕೇಳಿದೆ. ಪಾರ್ಕಿನ ವ್ಯವಸ್ಥಾಪಕರು ಎರಡು ವಾರ ನಕ್ಷೆ ನೋಡಿ ಒಪ್ಪಿದರು. ದೋಣಿಕೊಳವೆಗಳನ್ನು ಕೂಡಿಸಿ, ಜಲ್ಲಿ ಮರಳಿನ ಸೋಸುಗುಂಡಿ ಮಾಡಿ, ಹಿತ್ತಿಲಿನಲ್ಲಿ 60 ಸಾವಿರ ಲೀಟರಿನ ಸಂಪ್ ತೋಡಿಸಿದೆವು. ಗಾರೆ ಕೆಲಸದ ಮೇಸ್ತ್ರಿ ಇಲ್ಲಿಯವನೇ. ಪೀಣ್ಯದ ಸೋಸುಗುಂಡಿಯ ವಿಡಿಯೊವನ್ನು ಅವನಿಗೆ ನಾಲ್ಕು ಸಲ ತೋರಿಸಿದ್ದೆ.

ಜೂನ್ ಎರಡನೇ ವಾರ ಮಧ್ಯಾಹ್ನ ದೊಡ್ಡ ಮಳೆ ಬಿತ್ತು. ಮಳೆ ನಿಂತ ಅರ್ಧ ಗಂಟೆಗೆ ಯಜಮಾನರ ಫೋನ್. ಅಲ್ಲಿ ಆಗ ಬೆಳಗಿನ ಜಾವ ನಾಲ್ಕೂವರೆ.

“ತುಂಬ್ತಾ ಅಮ್ಮಾ?”

ಕಾರು ತೆಗೆದುಕೊಂಡು ಹೋದೆ. ಕಾವಲಿನವರೂ ನಾನೂ ಸೇರಿ ಕಬ್ಬಿಣದ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟೆವು. ನೀರು ಮೂರನೇ ಮೆಟ್ಟಿಲಿನವರೆಗೆ ಬಂದಿತ್ತು. ಫೋಟೊ ತೆಗೆದು ಕಳಿಸಿದೆ.