ನೀರುಬ್ರಾಹ್ಮಿ ಗುರುತಿಸುವುದು ಹೀಗೆ

ಕುಮಟಾ ಕಡೆಯ ಗಜನಿ ಗದ್ದೆಗಳಂಥ, ಉಪ್ಪುನೀರು ಸೋಕುವ ಹಸಿ ನೆಲದಲ್ಲಿ ಚಾಪೆ ಹಾಸಿದಂತೆ ಹಬ್ಬಿದ ಪುಟ್ಟ ಗಿಡ ಕಂಡರೆ ಕುಕ್ಕರುಗಾಲಲ್ಲಿ ಕೂತು ನೋಡಿ, ನೀರುಬ್ರಾಹ್ಮಿ ಇರಬಹುದು.

ಹೂವು ಸುಮಾರು 1 ಸೆಂಟಿಮೀಟರ್ ಅಗಲ, ಐದು ಎಸಳು, ಬಿಳಿ ಇಲ್ಲವೇ ತಿಳಿನೇರಳೆ. ಎಲೆಯ ಕಂಕುಳಲ್ಲಿ ತೆಳು ತೊಟ್ಟಿನ ಮೇಲೆ ಒಂದೊಂದೇ ಅರಳುತ್ತದೆ. ನಾನಂತೂ ಮೊದಲು ನೋಡುವುದು ಎಲೆಯನ್ನೇ: ಎದುರುಬದುರು ಜೋಡಿ, ತೊಟ್ಟಿಲ್ಲ, ಮುಟ್ಟಿದರೆ ದಪ್ಪ, ತುದಿ ದುಂಡು, ಬುಡ ಕಿರಿದು. ನೆಲಕ್ಕೊರಗಿದ ಕಾಂಡದ ಗಿಣ್ಣುಗಳಲ್ಲಿ ಬೇರು ಇರುತ್ತದೆ.

ಒಂದೆಲಗವನ್ನೂ ಬ್ರಾಹ್ಮಿ ಅನ್ನುತ್ತೇವಲ್ಲ, ಗೊಂದಲ ಅಲ್ಲೇ. ಅದರದು ಉದ್ದ ತೊಟ್ಟಿನ ದುಂಡೆಲೆ. ನೆಲಹಿಪ್ಪಲಿಯಾದರೆ ಎಲೆಯಂಚಲ್ಲಿ ಹಲ್ಲು, ಹೂಗಳು ಗುಂಪಾಗಿ.

ಚರಂಡಿ ಪಕ್ಕದ್ದನ್ನು ದಯವಿಟ್ಟು ಅಡುಗೆಗೆ ತರಬೇಡಿ. ಕೊಳೆನೀರಿನ ಲೋಹದ ಅಂಶವನ್ನು ಈ ಗಿಡ ಹೀರಿಕೊಳ್ಳುತ್ತದೆ.