ಡಿಸ್ನಿ ಊಟದ ಪ್ಲಾನ್ ನಮ್ಮ ಮನೆಗೆ ಹೊಂದುತ್ತಾ? ನಾನು ಲೆಕ್ಕ ಹಾಕಿದ ರೀತಿ

2024ರ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ನಾವು ಆರು ಜನ ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗಿದ್ದೆವು. ನಾನು, ನಮ್ಮ ಮನೆಯವರು, 11 ವರ್ಷದ ಮಗಳು, 6 ವರ್ಷದ ಮಗ, ಜೊತೆಗೆ ಶಿವಮೊಗ್ಗದಿಂದ ಬಂದಿದ್ದ ಅತ್ತೆ, ಮಾವ. ಅಟ್ಲಾಂಟಾ ಹತ್ತಿರದ ನಮ್ಮ ಮನೆಯಿಂದ ಒರ್ಲ್ಯಾಂಡೊಗೆ ಕಾರಲ್ಲಿ ಏಳು ಗಂಟೆ ದಾರಿ. ಬುಧವಾರ ಹೋಗಿ ಭಾನುವಾರ ವಾಪಸ್. ನಾಲ್ಕು ರಾತ್ರಿ, ಐದು ಹಗಲು. ಎಲ್ಲರೂ ಒಂದೇ ಕಡೆ ಇರಲಿ ಅಂತ ಡಿಸ್ನಿಯದೇ ಆಲ್ ಸ್ಟಾರ್ ಮ್ಯೂಸಿಕ್ ಹೋಟೆಲಿನಲ್ಲಿ ಫ್ಯಾಮಿಲಿ ಸೂಟ್ ತಗೊಂಡೆವು. ಎರಡು ಬಾತ್‌ರೂಮ್, ಒಂದು ಪುಟ್ಟ ಫ್ರಿಜ್, ಒಂದು ಮೈಕ್ರೋವೇವ್. ಈ ಮೈಕ್ರೋವೇವ್ ಮುಂದೆ ಬಹಳ ಕೆಲಸಕ್ಕೆ ಬಂತು.

ಬುಕ್ ಮಾಡುವಾಗಲೇ ಒಂದು ಪ್ರಶ್ನೆ ಬಂತು. ಊಟದ ಪ್ಲಾನ್ ಸೇರಿಸಬೇಕಾ? 2020ರಲ್ಲಿ ಕೋವಿಡ್ ಬಂದಾಗ ನಿಂತಿದ್ದ ಈ ಪ್ಲಾನ್ 2024ರ ಜನವರಿ 9ರಿಂದ ಮತ್ತೆ ಶುರುವಾಗಿತ್ತು. ಮಗಳು "ತಗೊಳ್ಳೋಣ ಅಮ್ಮಾ" ಅಂದಳು. ನನಗೂ ಆಸೆಯಾಯಿತು. ಮೊದಲೇ ದುಡ್ಡು ಕಟ್ಟಿಬಿಟ್ಟರೆ ಅಲ್ಲಿ ತಲೆ ಕೆಡಿಸಿಕೊಳ್ಳೋದು ಬೇಡ ಅಲ್ವಾ? ಆದರೆ ಆರು ಜನರ ಮೊತ್ತ ನೋಡಿದ ಮೇಲೆ ಆ ರಾತ್ರಿ ಬುಕಿಂಗ್ ಅಲ್ಲಿಗೇ ನಿಲ್ಲಿಸಿ ನೋಟ್‌ಬುಕ್ ತೆಗೆದೆ.

ಪ್ಲಾನ್‌ನಲ್ಲಿ ಎರಡು ಬಗೆ. ಒಂದು ಕ್ವಿಕ್ ಸರ್ವಿಸ್, ಅಂದರೆ ಕೌಂಟರ್‌ನಲ್ಲಿ ತಗೊಂಡು ತಿನ್ನೋದು. ತಂಗುವ ಪ್ರತಿ ರಾತ್ರಿಯ ಲೆಕ್ಕಕ್ಕೆ ಪ್ರತಿಯೊಬ್ಬರಿಗೂ ಎರಡು ಊಟ, ಒಂದು ಸ್ನ್ಯಾಕ್. ಜೊತೆಗೆ ಹೋಟೆಲಿನಲ್ಲಿ ಎಷ್ಟು ಸಲ ಬೇಕಾದರೂ ತುಂಬಿಸಿಕೊಳ್ಳಬಹುದಾದ ಮಗ್. ಇನ್ನೊಂದನ್ನು ದೊಡ್ಡ ಪ್ಲಾನ್ ಅಂತ ಕರೆಯೋಣ. ಅದರಲ್ಲಿ ಎರಡು ಕೌಂಟರ್ ಊಟದ ಬದಲು ಒಂದು ಕೌಂಟರ್ ಊಟ, ಒಂದು ಕೂತು ಬಡಿಸಿಕೊಂಡು ತಿನ್ನುವ ಊಟ. ಇವನ್ನೆಲ್ಲ ಕ್ರೆಡಿಟ್ ಅಂತ ಎಣಿಸುತ್ತಾರೆ. ಹೋಟೆಲ್ ಬಿಡುವ ದಿನ ಮಧ್ಯರಾತ್ರಿಗೆ ಉಳಿದ ಕ್ರೆಡಿಟ್ ಎಲ್ಲ ಹೋಗುತ್ತದೆ. ಟೇಬಲ್‌ಗೆ ತಂದು ಬಡಿಸುವ ಕಡೆ ಟಿಪ್ ಸಾಮಾನ್ಯವಾಗಿ ನಮ್ಮದೇ.

2024ರ ದರ ಹೀಗಿತ್ತು. ಕ್ವಿಕ್ ಸರ್ವಿಸ್ ದೊಡ್ಡವರಿಗೆ ರಾತ್ರಿಗೆ 57.01 ಡಾಲರ್, 3ರಿಂದ 9 ವರ್ಷದ ಮಕ್ಕಳಿಗೆ 23.83. ದೊಡ್ಡ ಪ್ಲಾನ್ 94.28 ಮತ್ತು 29.69. ಹತ್ತು ವರ್ಷ ತುಂಬಿದರೆ ದೊಡ್ಡವರ ದರ. ಅಲ್ಲಿಗೆ ನನ್ನ ಮಗಳೂ ದೊಡ್ಡವಳೇ. ನಮ್ಮ ಮನೆಯಲ್ಲಿ ಐದು ದೊಡ್ಡವರು, ಒಂದು ಮಗು. ನಾಲ್ಕು ರಾತ್ರಿಗೆ ಕ್ವಿಕ್ ಸರ್ವಿಸ್ 1,235.52 ಡಾಲರ್. ದೊಡ್ಡ ಪ್ಲಾನ್ 2,004.36.

ಇಲ್ಲಿ ಒಂದು ನಿಯಮ ಬಹಳ ಮುಖ್ಯ. ಒಂದೇ ಬುಕಿಂಗ್‌ನಲ್ಲಿ ಇರುವ ಮೂರು ವರ್ಷ ಮೇಲ್ಪಟ್ಟ ಎಲ್ಲರೂ ಒಂದೇ ಪ್ಲಾನ್ ತಗೋಬೇಕು, ಅದೂ ಪೂರ್ತಿ ದಿನಗಳಿಗೆ. ಮಗನಿಗೆ ಮಾತ್ರ ತಗೊಂಡು ಅತ್ತೆಯವರನ್ನು ಬಿಡೋ ಹಾಗಿಲ್ಲ. ಅಜ್ಜ ಅಜ್ಜಿ ಜೊತೆಗಿರುವ ನಮ್ಮಂಥ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಅತ್ತೆಯವರಿಗೆ ಮೊಟ್ಟೆ ಆಗಲ್ಲ. ಶನಿವಾರ ಒಪ್ಪತ್ತು. ಬೇರೆ ದಿನಗಳಲ್ಲೂ ರಾತ್ರಿ ಎರಡು ಚಪಾತಿ, ಒಂದು ಲೋಟ ಮಜ್ಜಿಗೆ, ಅಷ್ಟೇ. ಅವರ ಹೆಸರಿಗೆ ದಿನಕ್ಕೆ ಎರಡು ಪೂರ್ತಿ ಊಟ, ಒಂದು ಸ್ನ್ಯಾಕ್ ಕೊಂಡಿಟ್ಟರೆ ಅದನ್ನು ತಿನ್ನೋರು ಯಾರು? ಕ್ರೆಡಿಟ್ ಮನೆಯವರೆಲ್ಲ ಹಂಚಿಕೊಳ್ಳಬಹುದು, ನಿಜ. ಆದರೆ ಹಂಚಿಕೊಂಡು ತಿನ್ನುವಷ್ಟು ಹೊಟ್ಟೆ ನಮ್ಮಲ್ಲಿ ಉಳಿದವರಿಗೂ ಇಲ್ಲ.

ಊಹೆ ಮೇಲೆ ನಿರ್ಧಾರ ಮಾಡೋದು ಬೇಡ ಅಂತ ಒಂದು ಭಾನುವಾರ ಮಧ್ಯಾಹ್ನ ಅತ್ತೆಯವರ ಪಕ್ಕ ಕೂತು ಫೋನ್‌ನಲ್ಲಿ ಮೆನು ಓದಿದೆ. ಡಿಸ್ನಿಯವರು ಪ್ರತಿ ಹೋಟೆಲಿನ ಮೆನುವನ್ನೂ ಬೆಲೆಸಮೇತ ಆ್ಯಪ್‌ನಲ್ಲಿ ಹಾಕಿರುತ್ತಾರೆ. ಅದರಲ್ಲಿ ಕೆಲವು ತಿಂಡಿಗಳ ಮುಂದೆ ಹಸಿರು ಎಲೆಯ ಗುರುತು ಇರುತ್ತದೆ. ಆ ಗುರುತು ಇದ್ದರೆ ಮಾಂಸ ಇಲ್ಲ, ಹಾಲು ಇಲ್ಲ, ಮೊಟ್ಟೆ ಇಲ್ಲ, ಜೇನುತುಪ್ಪವೂ ಇಲ್ಲ. ನಮ್ಮವರಿಗೆ ಇದಕ್ಕಿಂತ ಒಳ್ಳೆ ಗುರುತು ಬೇರೆ ಇಲ್ಲ.

ನಾನು ಓದುತ್ತಾ ಹೋದೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

"ಇದ್ರಲ್ಲಿ ಮೊಟ್ಟೆ ಇದ್ಯೇನೇ?"

"ಇಲ್ಲ ಅತ್ತೆ. ಅನ್ನ, ಸೊಪ್ಪು, ಟೋಫು."

"ಟೋಫು ಅಂದ್ರೆ ಆ ಪನೀರ್ ಥರದ್ದಾ? ಹಾಗಾದ್ರೆ ಅರ್ಧ ತಿಂತೀನಿ. ಅರ್ಧ ನಿಮ್ಮ ಮಾವಂಗೆ ಕೊಡು."

ನಾನು ನೋಟ್‌ಬುಕ್‌ನಲ್ಲಿ "ಅರ್ಧ" ಅಂತ ಬರೆದುಕೊಂಡೆ. ಹೀಗೇ ಐದು ದಿನದ ಊಟವನ್ನು ಆರು ಜನರ ಹೆಸರಲ್ಲೂ ಬರೆದೆ. ಮಗನಿಗೆ ಮ್ಯಾಕ್ ಅಂಡ್ ಚೀಸ್, ಮಗಳಿಗೆ ಪಿಜ್ಜಾ, ಅನಿಮಲ್ ಕಿಂಗ್‌ಡಮ್ ಪಾರ್ಕ್‌ನ ಸಾತುಲಿ ಕ್ಯಾಂಟೀನ್‌ನಲ್ಲಿ ನಮಗೆ ಟೋಫು ಬೌಲ್. ಏನು ಸಿಗುತ್ತೆ ಅಂತ ಬರೆಯಲಿಲ್ಲ, ಏನು ತಿಂತೀವಿ ಅಂತ ಬರೆದೆ. ಪ್ಲಾನ್ ಲಾಭ ಅಂತ ತೋರಿಸುವ ಲೆಕ್ಕಗಳಲ್ಲಿ ಜಾಸ್ತಿ ಜನ ಮೆನುವಿನ ದುಬಾರಿ ಪದಾರ್ಥ ಹಿಡಿದು ಗುಣಿಸುತ್ತಾರೆ. ಕೈಯಿಂದ ದುಡ್ಡು ಕೊಡುವಾಗ ನೀವು ಅದನ್ನು ತಗೊಳ್ಳುತ್ತಿದ್ದಿರಾ? ಇಲ್ಲ ಅಂದರೆ ಅದು ಉಳಿತಾಯ ಹೇಗಾಗುತ್ತೆ?

ಈಗ ಆ 57 ಡಾಲರನ್ನು ಬಿಡಿಸಿ ನೋಡಿದೆ. ಸ್ನ್ಯಾಕ್‌ಗೆ 7 ಡಾಲರ್ ಇಡಿ. ಮಗ್‌ಗೆ 20 ಡಾಲರ್‌ಗೆ ಸ್ವಲ್ಪ ಮೇಲೆ, ನಾಲ್ಕು ರಾತ್ರಿಗೆ ಹಂಚಿದರೆ ದಿನಕ್ಕೆ ಐದೂವರೆ. ಉಳಿದದ್ದು 44 ಚಿಲ್ಲರೆ. ಎರಡು ಊಟಕ್ಕೆ ಭಾಗ ಮಾಡಿದರೆ ಒಂದು ಊಟ 22 ಡಾಲರ್ ಆಗಬೇಕು. ಆಗ ಮಾತ್ರ ಪ್ಲಾನ್ ಸರಿಸಮ. ಕೌಂಟರ್‌ನಲ್ಲಿ ನಾವು ತಿನ್ನುವ ಸಸ್ಯಾಹಾರದ ಊಟ ತೆರಿಗೆ ಸೇರಿ 14 ಡಾಲರ್ ಆಸುಪಾಸು. ಕುಡಿಯೋಕೆ ನೀರು. ಕೌಂಟರ್‌ನಲ್ಲಿ ಕೇಳಿದರೆ ಐಸ್ ಹಾಕಿದ ನೀರನ್ನು ಲೋಟದಲ್ಲಿ ಸುಮ್ನೆ ಕೊಡುತ್ತಾರೆ, ಕಾಸಿಲ್ಲ. 22ಕ್ಕೂ 14ಕ್ಕೂ ಇರುವ ಅಂತರ ತುಂಬೋದು ಮಾಂಸದ ಊಟ ಮತ್ತು ಬಿಯರ್. ಪ್ಲಾನ್‌ನ ಊಟದಲ್ಲಿ 21 ದಾಟಿದವರಿಗೆ ಬಿಯರ್ ಅಥವಾ ವೈನ್ ಕೂಡ ಸೇರಿದೆ. ನಮ್ಮಲ್ಲಿ ಕುಡಿಯುವವರು ಯಾರೂ ಇಲ್ಲ. ಸಸ್ಯಾಹಾರಿ, ಮಾಂಸಾಹಾರಿ ಅಂತ ಪ್ಲಾನ್‌ನಲ್ಲಿ ಬೇರೆ ದರವೂ ಇಲ್ಲ.

ಹಾಗಂತ ಪ್ಲಾನ್ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ನಮ್ಮ ಮನೆಯವರ ಆಫೀಸಿನಲ್ಲಿ ಒಬ್ಬರಿದ್ದಾರೆ. ಗಂಡ, ಹೆಂಡತಿ, ಹತ್ತರ ಒಳಗಿನ ಇಬ್ಬರು ಮಕ್ಕಳು. ಎಲ್ಲ ತಿನ್ನುತ್ತಾರೆ. ಮಕ್ಕಳಿಗೆ ದಿನಾ ಮಿಕ್ಕಿ, ಗೂಫಿ ಟೇಬಲ್ ಹತ್ತಿರ ಬರುವಂಥ ಊಟವೇ ಬೇಕು. ಅವರಿಗೂ ನಾನೇ ಲೆಕ್ಕ ಹಾಕಿಕೊಟ್ಟೆ. ಅಂಥ ಊಟ ಸಿಗುವ ಶೆಫ್ ಮಿಕ್ಕೀಸ್‌ನಲ್ಲಿ ರಾತ್ರಿ ಬಫೆ ಆ ವರ್ಷ ದೊಡ್ಡವರಿಗೆ 60 ಡಾಲರ್ ದಾಟಿತ್ತು, ಮಕ್ಕಳಿಗೆ 40ರ ಮೇಲಿತ್ತು. ಮಗುವಿನ ದೊಡ್ಡ ಪ್ಲಾನ್ ದಿನಕ್ಕೆ 29.69. ಒಂದು ಬಫೆಯಲ್ಲೇ ಅದರ ದುಡ್ಡು ವಾಪಸ್ ಬಂದಾಯಿತು. ಅಂಥ ಮನೆಗೆ ನಾನು ಕಣ್ಣು ಮುಚ್ಚಿ ತಗೊಳ್ಳಿ ಅಂತೀನಿ. ಮಕ್ಕಳ ದರದಲ್ಲಿ ಲಾಭ ಇದ್ದೇ ಇದೆ. ದೊಡ್ಡವರ ಸಂಖ್ಯೆ ಹೆಚ್ಚಿದಷ್ಟೂ, ಅವರು ಮಿತವಾಗಿ ತಿನ್ನುವವರಾದಷ್ಟೂ ಆ ಲಾಭ ಕರಗುತ್ತದೆ.

ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮನೆಯವರು 2018ರಲ್ಲಿ ಹಳೇ ಪ್ಲಾನ್ ತಗೊಂಡು ಹೋಗಿದ್ದರು. ಅವಳಿಗೆ ಫೋನ್ ಮಾಡಿದೆ. ಕೊನೇ ರಾತ್ರಿ ಒಂಬತ್ತು ಸ್ನ್ಯಾಕ್ ಕ್ರೆಡಿಟ್ ಉಳಿದಿತ್ತಂತೆ. ಹತ್ತೂವರೆಗೆ ಮಕ್ಕಳನ್ನು ಮಲಗಿಸಿ ಹೋಟೆಲಿನ ಅಂಗಡಿಗೆ ಹೋಗಿ ಕುಕೀ, ಪಾಪ್‌ಕಾರ್ನ್ ಪೊಟ್ಟಣ ಕೈಗೆ ಸಿಕ್ಕಿದ್ದೆಲ್ಲ ತಂದಳಂತೆ. "ಪಕ್ಕದಲ್ಲಿ ಇನ್ನೂ ಮೂರು ಮನೆಯವರು ಅದೇ ಕೆಲಸ ಮಾಡ್ತಿದ್ರು ಕಣೇ" ಅಂದಳು. ಮನೆಗೆ ತಂದ ಮೇಲೂ ಅದನ್ನೆಲ್ಲ ಪೂರ್ತಿ ತಿನ್ನಲಿಲ್ಲವಂತೆ.

ಪ್ಲಾನ್ ಬೇಡ ಅಂತ ಮನಸ್ಸು ಗಟ್ಟಿಯಾಯಿತು. ಆದರೂ ಒಂದು ಚಿಂತೆ ಉಳಿಯಿತು. ಅದು ಮಾವನವರದ್ದು. ಅವರು ಪ್ರತಿ ಬೆಲೆಯನ್ನೂ ರೂಪಾಯಿಗೆ ತಿರುಗಿಸಿ ನೋಡುತ್ತಾರೆ. ಒಂದು ಬಾಟಲಿ ನೀರಿಗೆ 300 ರೂಪಾಯಿ ಅಂತ ಗೊತ್ತಾದರೆ ಬಾಯಾರಿದರೂ ಕುಡಿಯಲ್ಲ. "ನನಗೆ ಹಸಿವಿಲ್ಲಮ್ಮ, ನೀವು ತಿನ್ನಿ" ಅಂತಾರೆ. ಹಿರಿಯರನ್ನು ಕರೆದುಕೊಂಡು ಹೋದವರಿಗೆಲ್ಲ ಇದು ಗೊತ್ತಿರುತ್ತೆ. ಪ್ಲಾನ್‌ನ ದೊಡ್ಡ ಅನುಕೂಲ ಇರೋದು ಇಲ್ಲೇ. ಮೊದಲೇ ಕಟ್ಟಿದ್ದರೆ ಬೆಲೆಯ ಮಾತೇ ಬರಲ್ಲ. ಇದಕ್ಕಾಗಿ ಇನ್ನೂ ನೂರು ಡಾಲರ್ ಜಾಸ್ತಿ ಆಗಿದ್ದರೂ ನಾನು ಕೊಡುತ್ತಿದ್ದೆ. ಆದರೆ ನನ್ನ ಲೆಕ್ಕಕ್ಕೂ ಪ್ಲಾನ್‌ಗೂ ಅಂತರ ಐನೂರರ ಹತ್ತಿರ ಇತ್ತು. ಅಷ್ಟು ಕೊಡೋಕೆ ಮನಸ್ಸು ಬರಲಿಲ್ಲ.

ಕೊನೆಗೆ ದಾರಿ ಹೊಳೆಯಿತು. ಡಿಸ್ನಿ ಗಿಫ್ಟ್ ಕಾರ್ಡ್ ಕೊಂಡು ಅದರಲ್ಲಿ 700 ಡಾಲರ್ ತುಂಬಿಸಿದೆ. ಪಾರ್ಕ್ ಒಳಗಿನ ಹೋಟೆಲುಗಳಲ್ಲಿ ಅದು ನಡೆಯುತ್ತದೆ. ಹೊರಡುವ ಹಿಂದಿನ ದಿನ ಮಾವನವರ ಕೈಗೆ ಕೊಟ್ಟು, "ಇದು ಆಗಲೇ ಕಟ್ಟಿರೋ ದುಡ್ಡು ಮಾವ. ಊಟಕ್ಕೆ ಮಾತ್ರ. ನೀವೇ ಕೊಡಬೇಕು" ಅಂದೆ. ಅವರು ಕಾರ್ಡನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡರು. ಐದು ದಿನವೂ ಕೌಂಟರ್ ಮುಂದೆ ನಿಂತು ಮೊಮ್ಮಕ್ಕಳಿಗೆ "ಏನ್ ಬೇಕು ಹೇಳ್ರೋ" ಅಂತ ಕೇಳಿ ಕೊಡಿಸಿದರು. ಡೋಲ್ ವಿಪ್ ಅನ್ನುವ ಅನಾನಸ್ ಐಸ್‌ಕ್ರೀಮ್ ಅವರಿಗೇ ಎಲ್ಲರಿಗಿಂತ ಜಾಸ್ತಿ ಇಷ್ಟವಾಯಿತು.

ಮನೆಯಿಂದ ಒಯ್ದದ್ದು ಇಷ್ಟು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಗಟ್ಟಿ ಅವಲಕ್ಕಿ, ಎಂಟಿಆರ್ ರೆಡಿ ಊಟದ ಪೊಟ್ಟಣಗಳು, ಬಾಟಲಿಯಲ್ಲಿ ಡಿಕಾಕ್ಷನ್. ಹಾಲು, ಮೊಸರು, ಮೈಕ್ರೋವೇವ್ ಅನ್ನದ ಪೊಟ್ಟಣ ಅಲ್ಲೇ ಪಬ್ಲಿಕ್ಸ್ ಅನ್ನೋ ದಿನಸಿ ಅಂಗಡಿಯಲ್ಲಿ ತಗೊಂಡೆವು. ಎಲ್ಲ ಸೇರಿ 60 ಡಾಲರ್. ವಾಲ್ಟ್ ಡಿಸ್ನಿ ವರ್ಲ್ಡ್‌ನ ಪಾರ್ಕ್‌ಗಳಿಗೆ ನಮ್ಮ ತಿಂಡಿ ಒಯ್ಯಬಹುದು. ಗಾಜಿನ ಡಬ್ಬಿ ಬೇಡ, ಮದ್ಯ ಬೇಡ, ಬಿಡಿ ಐಸ್ ಬೇಡ. ಒಳಗೆ ಬಿಸಿ ಮಾಡಬೇಕಾದ ಪದಾರ್ಥವೂ ಬೇಡ. ಪುಳಿಯೋಗರೆಗೆ ಬಿಸಿ ಯಾಕೆ ಬೇಕು? ಗುರುವಾರ ಎಪ್‌ಕಾಟ್ ಪಾರ್ಕ್‌ನಲ್ಲಿ ಕೆರೆ ಕಡೆ ಮುಖ ಮಾಡಿ ಬೆಂಚಿನ ಮೇಲೆ ಕೂತೆವು. ಅತ್ತೆಯವರು ಡಬ್ಬಿ ಮುಚ್ಚಳ ತೆಗೆದಾಗ ಹುಣಸೆ, ಇಂಗಿನ ವಾಸನೆ ಬಂತು. ಕಡಲೆಬೀಜ ಇನ್ನೂ ಗರಿಗರಿ ಇತ್ತು. ಮಗ ಪಾಸ್ತಾ ಬಿಟ್ಟು ಅಜ್ಜಿ ಕೈತುತ್ತಿಗೆ ಬಾಯಿ ತೆರೆದ.

ಒಂದು ಊಟ ಮಾತ್ರ ಖರ್ಚು ನೋಡದೆ ಮಾಡಬೇಕು ಅಂತ ಮೊದಲೇ ಅಂದುಕೊಂಡಿದ್ದೆ. ಡಿಸ್ನಿಯದೇ ಇನ್ನೊಂದು ವಸತಿ ಹೋಟೆಲ್ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನಲ್ಲಿ ಸನಾ ಅಂತ ರೆಸ್ಟೋರೆಂಟ್ ಇದೆ. ಆಫ್ರಿಕಾದ ಅಡುಗೆಗೆ ನಮ್ಮ ಕಡೆಯ ಮಸಾಲೆ. ಹೋಗೋಕೆ ಪಾರ್ಕ್ ಟಿಕೆಟ್ ಬೇಡ. ಟೇಬಲನ್ನು 60 ದಿನ ಮೊದಲೇ ಕಾದಿರಿಸಬಹುದು, ನಾನು ಆ ದಿನವೇ ಕಾದಿರಿಸಿದೆ. ಬೆಳಕು ಇರಲಿ ಅಂತ ಶುಕ್ರವಾರ ಸಂಜೆ ನಾಲ್ಕಕ್ಕೇ ಹೋದೆವು. ಅಲ್ಲಿನ ಬ್ರೆಡ್ ಸರ್ವಿಸ್‌ನಲ್ಲಿ ನಾನ್, ಕುಲ್ಚಾ, ಪರಾಠ, ಜೊತೆಗೆ ಒಂಬತ್ತು ಬಗೆಯ ಚಟ್ನಿ, ಉಪ್ಪಿನಕಾಯಿ, ರಾಯತ. ಮೊಟ್ಟೆ ವಿಷಯ ಹೇಳಿದ್ದಕ್ಕೆ ಬಡಿಸುವಾಕೆ ಅಡುಗೆಮನೆಯಲ್ಲಿ ವಿಚಾರಿಸಿಕೊಂಡು ಬಂದು, ಅತ್ತೆಯವರಿಗೆ ಯಾವುದು ಆಗುತ್ತೆ ಅಂತ ಕೈ ಮಾಡಿ ತೋರಿಸಿದಳು. ಕಿಟಕಿಯ ಆಚೆ ಹುಲ್ಲುಗಾವಲಿನಲ್ಲಿ ಜಿರಾಫೆ ನಡೆದುಹೋಯಿತು. ಅತ್ತೆಯವರು ಹುಣಸೆ ಚಟ್ನಿ ನೆಕ್ಕಿ, "ಸ್ವಲ್ಪ ಬೆಲ್ಲ ಜಾಸ್ತಿ ಆಯ್ತು, ಆದ್ರೆ ಚೆನ್ನಾಗಿದೆ" ಅಂದರು. ಈ ಪ್ರವಾಸದಲ್ಲಿ ಅವರು ಹೊಟ್ಟೆ ತುಂಬ ತಿಂದ ಹೊರಗಿನ ಊಟ ಅದೊಂದೇ. ಶನಿವಾರ ಎಂದಿನಂತೆ ಒಪ್ಪತ್ತು. ಮಧ್ಯಾಹ್ನ ರೂಮಿಗೆ ವಾಪಸ್ ಬಂದು ಮೊಸರನ್ನ ತಿಂದರು, ರಾತ್ರಿ ಬಾಳೆಹಣ್ಣು ಮತ್ತು ಹಾಲು.

ಮಗನಿಗೆ ಮಿಕ್ಕಿ ಬೇಕೇ ಬೇಕಿತ್ತು. ಮ್ಯಾಜಿಕ್ ಕಿಂಗ್‌ಡಮ್ ಪಾರ್ಕ್‌ನ ಬಾಗಿಲ ಹತ್ತಿರದ ಟೌನ್ ಸ್ಕ್ವೇರ್ ಥಿಯೇಟರ್‌ನಲ್ಲಿ ಸಾಲು ನಿಂತು ಭೇಟಿ ಮಾಡಿಸಿದೆವು. ಅದಕ್ಕೆ ಊಟದ ಬಿಲ್ ಬೇಡ.

ಟಿಪ್ ಸೇರಿ ಕಾರ್ಡಿನಿಂದ 657 ಡಾಲರ್ ಖರ್ಚಾಗಿತ್ತು. ದಿನಸಿ ಸೇರಿಸಿದರೆ 717. ಕ್ವಿಕ್ ಸರ್ವಿಸ್ ಪ್ಲಾನ್‌ಗಿಂತ 500 ಡಾಲರ್‌ಗೂ ಹೆಚ್ಚು ಉಳಿಯಿತು. ಯಾರೂ ಹಸಿದುಕೊಂಡಿರಲಿಲ್ಲ.

ಕಾರ್ಡಿನಲ್ಲಿ 43 ಡಾಲರ್ ಉಳಿದಿತ್ತು. ಅದಕ್ಕೆ ಗಡುವಿಲ್ಲ. ಮಾವ ಅದನ್ನು ಪರ್ಸಿನಲ್ಲಿ ಆಧಾರ್ ಕಾರ್ಡಿನ ಹಿಂದೆ ಇಟ್ಟುಕೊಂಡು ಶಿವಮೊಗ್ಗಕ್ಕೆ ಹೋದರು. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಮಗ "ಅಜ್ಜಾ, ಕಾರ್ಡ್ ಎಲ್ಲಿ?" ಅಂತ ಕೇಳಿದ. ಅವರು ಎದ್ದು ಹೋಗಿ ಪರ್ಸ್ ತಂದು ತೋರಿಸಿದರು.