ಸ್ವಂತ ಕೆಲಸ ಬಿಟ್ಟು ವಿದೇಶಕ್ಕೆ ಹೊರಟಿರಾ? ಮೊದಲು ದಿನ ಎಣಿಸಿ

ವೀಸಾ ಬಂತು, ಟಿಕೆಟ್ ಆಯ್ತು, ಇನ್ನು ಇಲ್ಲಿನ ತೆರಿಗೆಯ ತಂಟೆ ಇಲ್ಲ ಅಂದುಕೊಳ್ಳುವ ಫ್ರೀಲಾನ್ಸರ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಮಾರನೇ ವರ್ಷ ರಿಟರ್ನ್ ತುಂಬಲು ಕೂತಾಗ ಫೋನ್ ಬರುತ್ತದೆ: ‘ನಾನೀಗ ಎನ್‌ಆರ್‌ಐ ಅಲ್ವಾ?’ ಪಾಸ್‌ಪೋರ್ಟ್ ತೆಗೆದು ಮುದ್ರೆ ನೋಡಿ ಅನ್ನುತ್ತೇನೆ.

ಮೊದಲ ಹೆಜ್ಜೆ ದಿನದ ಲೆಕ್ಕ. ಜನ ಎಡವುವುದೂ ಇಲ್ಲೇ. ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ 182 ದಿನ ಅಥವಾ ಅದಕ್ಕಿಂತ ಜಾಸ್ತಿ ಭಾರತದಲ್ಲಿದ್ದರೆ ತೆರಿಗೆ ಲೆಕ್ಕದಲ್ಲಿ ನೀವು ನಿವಾಸಿ, ಎನ್‌ಆರ್‌ಐ (ಅನಿವಾಸಿ) ಅಲ್ಲ. ಆಗಸ್ಟ್ ಮುಗಿಯುವ ಹೊತ್ತಿಗೆ 153 ದಿನ ಆಗಿರುತ್ತದೆ. ಸೆಪ್ಟೆಂಬರ್ 28ಕ್ಕೆ ಹೊರಟರೆ 181, 29ಕ್ಕೆ ಹೊರಟರೆ 182. ಆ ಒಂದು ದಿನಕ್ಕೆ ಇಡೀ ವರ್ಷ ನಿವಾಸಿಯಾಗುತ್ತೀರಿ. ಅರ್ಧ ವರ್ಷ ಹಾಗೆ, ಅರ್ಧ ವರ್ಷ ಹೀಗೆ ಅನ್ನುವುದು ನಮ್ಮ ಕಾಯ್ದೆಯಲ್ಲಿಲ್ಲ. ನಿವಾಸಿಯಾದರೆ ಅಲ್ಲಿ ದುಡಿದದ್ದನ್ನೂ ಇಲ್ಲಿ ತೋರಿಸಬೇಕು, ಅಲ್ಲಿ ಕಟ್ಟಿದ ತೆರಿಗೆಗೆ ಕ್ರೆಡಿಟ್ (ಇಲ್ಲಿನ ತೆರಿಗೆಯಲ್ಲಿ ಕಡಿತ) ಕೇಳಬೇಕು, ಅಲ್ಲಿನ ಬ್ಯಾಂಕ್ ಖಾತೆಯನ್ನು ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ಷೆಡ್ಯೂಲ್ ಎಫ್‌ಎಯಲ್ಲಿ ಬರೆಯಬೇಕು.

ಹೊರಡುವ ದಿನವನ್ನೂ ಲೆಕ್ಕಕ್ಕೆ ಸೇರಿಸಿಯೇ ಎಣಿಸಿ. ಮಧ್ಯರಾತ್ರಿ ವಿಮಾನವಾದರೆ ಇನ್ನೂ ಎಚ್ಚರ ಬೇಕು: ರಾತ್ರಿ 11.50ಕ್ಕೆ ಬೀಳುವ ಮುದ್ರೆಗೂ 12.10ಕ್ಕೆ ಬೀಳುವ ಮುದ್ರೆಗೂ ತಾರೀಕು ಬೇರೆ. ನನ್ನ ಕೇಳಿದರೆ, ಹತ್ತು ದಿನ ಕೈಯಲ್ಲಿಟ್ಟುಕೊಂಡೇ ಟಿಕೆಟ್ ಮಾಡಿಸಿ. ಹೋದಮೇಲೆ ಹಬ್ಬಕ್ಕೋ ಮದುವೆಗೋ ಬಂದರೆ ಆ ದಿನಗಳೂ ಸೇರುತ್ತವೆ. ಸೆಪ್ಟೆಂಬರ್ 20ಕ್ಕೆ ಹೋದವರು ಮಾರ್ಚ್ ಒಳಗೆ ಹತ್ತು ದಿನ ಬಂದು ಹೋದರೂ 183.

ಇದಕ್ಕೊಂದು ಬಾಲ ಇದೆ. ಹಿಂದಿನ ನಾಲ್ಕು ವರ್ಷದಲ್ಲಿ ಒಟ್ಟು 365 ದಿನ ಇಲ್ಲಿದ್ದವರಿಗೆ ಈ ವರ್ಷ 60 ದಿನವೇ ಸಾಕು, ನಿವಾಸಿ ಆಗಲು. ಉದ್ಯೋಗಕ್ಕೆಂದು ಹೊರಡುವ ಭಾರತೀಯ ಪ್ರಜೆಗಾದರೆ ಆ 60ರ ಜಾಗಕ್ಕೆ 182 ಬರುತ್ತದೆ. ಸ್ವಂತ ಕೆಲಸವೂ ಉದ್ಯೋಗವೇ ಎಂದು ಕೇರಳ ಹೈಕೋರ್ಟ್ ಒಪ್ಪಿದೆ. ಆದರೆ ಕೆಲಸಕ್ಕೆ ಹೋದದ್ದು ಕಾಗದದಲ್ಲಿ ಕಾಣಬೇಕು. ಟೂರಿಸ್ಟ್ ವೀಸಾದಲ್ಲಿ ಹೋಗಿ ಲ್ಯಾಪ್‌ಟಾಪ್ ತೆರೆದು ಕೂರುವವರು ಈ ವಿನಾಯಿತಿಯನ್ನು ನೆಚ್ಚಿಕೊಳ್ಳಬೇಡಿ.

ಎರಡನೆಯದು ಬಾಕಿ ಬಿಲ್ಲುಗಳು. ಇಲ್ಲಿದ್ದಾಗ ಮಾಡಿದ ಕೆಲಸದ ಹಣ ನೀವು ಹೋದಮೇಲೆ ಬಂದರೂ ತೆರಿಗೆ ಇಲ್ಲೇ. ಹೋದಮೇಲೆ ಅಲ್ಲಿ ಕೂತು ಮಾಡಿದ ಕೆಲಸಕ್ಕೆ ಕ್ಲೈಂಟ್ ನೇರವಾಗಿ ನಿಮ್ಮ ಭಾರತದ ಖಾತೆಗೆ ದುಡ್ಡು ಹಾಕಿದರೆ, ಅದು ‘ಭಾರತದಲ್ಲಿ ಪಡೆದದ್ದು’ ಆಗಿಬಿಡುತ್ತದೆ. ಅನಿವಾಸಿಗೂ ಇಲ್ಲಿ ತೆರಿಗೆ ಬೀಳುತ್ತದೆ. ಮೊದಲು ಅಲ್ಲಿನ ಖಾತೆಗೆ ಬರಲಿ, ಆಮೇಲೆ ನೀವು ಮನೆಗೆ ಕಳಿಸಿ.

ಮೂರು, ಬ್ಯಾಂಕಿಗೆ ತಿಳಿಸಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಭಾರತದ ಖಾತೆ) ಮಾಡಿಸಿ. ನಾಲ್ಕು, ಜಿಎಸ್‌ಟಿ ನೋಂದಣಿ ಇದ್ದರೆ ರದ್ದು ಮಾಡಿಸಿ, ಆಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಹಾಕಿ. ರದ್ದಾಯ್ತಲ್ಲ ಎಂದು ಈ ಕೊನೆಯ ರಿಟರ್ನ್ ಮರೆಯುವವರೇ ಜಾಸ್ತಿ.

ಇನ್ನು ರಿಟರ್ನ್. ಇಷ್ಟು ವರ್ಷ ಅರ್ಧ ಆದಾಯವನ್ನು ಲಾಭ ಎಂದು ತೋರಿಸಿ ಐಟಿಆರ್-4 ಫಾರ್ಮ್‌ನಲ್ಲಿ ಮುಗಿಸುತ್ತಿದ್ದಿರಲ್ಲ, 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 44ಎಡಿಎ ಅನ್ನುತ್ತಾರಲ್ಲ, ಅದು ನಿವಾಸಿಗಳಿಗೆ ಮಾತ್ರ. ಅನಿವಾಸಿಯಾದ ವರ್ಷ ಐಟಿಆರ್-3, ನಿಜವಾದ ಖರ್ಚಿನ ಲೆಕ್ಕದ ಸಮೇತ. ಇದು ಗೊತ್ತಾಗುವ ಹೊತ್ತಿಗೆ ಏಪ್ರಿಲ್‌ನ ರಸೀದಿಗಳು ಕಸದ ಬುಟ್ಟಿ ಸೇರಿರುತ್ತವೆ. ಐದು ನಿಮಿಷದಲ್ಲಿ ರಿಟರ್ನ್ ಅನ್ನುವ ಆ್ಯಪ್‌ಗಳನ್ನು ಈ ಒಂದು ವರ್ಷ ದೂರ ಇಡಿ. ಹಳೇ ವರ್ಷದ ಮಾಹಿತಿ ಎಳೆದುಕೊಂಡು ‘ನಿವಾಸಿ’ ಎಂದೇ ತುಂಬಿಟ್ಟದ್ದನ್ನು ನಾನೇ ನೋಡಿದ್ದೇನೆ. ಈ ಸಲ ಸಿಎಗೆ ದುಡ್ಡು ಕೊಡಿ. ಅವರ ಬಳಿ ಹೋಗುವಾಗ ಪಾಸ್‌ಪೋರ್ಟಿನ ಮುದ್ರೆ ಇರುವ ಎಲ್ಲ ಪುಟಗಳ ಪ್ರತಿ ಮತ್ತು ಬೋರ್ಡಿಂಗ್ ಪಾಸ್ ಜೊತೆಗಿರಲಿ.